ಏರಿ ಒಡೆದುದು ಯಾರ ಪಾಪ?



ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮಠಕ್ಕೆ ನಡೆದುಕೊಳ್ಳುವ ಭಕ್ತರ ಒಂದು ಚಿಕ್ಕ ಗ್ರಾಮದಲ್ಲಿ, ಆಶ್ವಯುಜ ಮಾಸದ ಒಂದು ಇರುಳೆಲ್ಲ ಮಳೆ ಸುರಿದು, ಬೆಳಗಿನ ಜಾವಕ್ಕೆ ಊರ ಕೆರೆಯ ಏರಿ ಒಡೆಯಿತು. ಸುದ್ದಿ ತಿಳಿದು ನಾವು ಅಲ್ಲಿಗೆ ಹೋಗುವ ವೇಳೆಗೆ ಹೊತ್ತು ಮೂಡಿತ್ತು. ಏರಿಯ ನಡುಭಾಗದಲ್ಲಿ ನಾಲ್ಕು ಗಾಡಿಗಳು ಸಾಲಾಗಿ ಹಾಯುವಷ್ಟು ಅಗಲವಾದ ಬಾಯಿ ಬಿದ್ದಿತ್ತು. ತೆನೆ ಬಿಡುತ್ತಿದ್ದ ಬತ್ತದ ಗದ್ದೆಗಳ ಮೇಲೆ ಮೊಳಕಾಲುದ್ದ ಮರಳು ಹಾಸಿತ್ತು. ಎರಡು ಎತ್ತುಗಳೂ ಒಂದು ಹಸುವೂ ಕೊಚ್ಚಿಹೋಗಿದ್ದವು. ಮನುಷ್ಯರ ಪ್ರಾಣಕ್ಕೆ ಅಪಾಯವಾಗಲಿಲ್ಲವೆಂಬುದೊಂದೇ ಸಮಾಧಾನ. ಬರಿದಾದ ಅಂಗಳದ ಕೆಸರಿನಲ್ಲಿ ಮೀನುಗಳು ಮಿಡುಕುತ್ತಿದ್ದವು. ಹುಡುಗರು ಅವನ್ನು ಹಿಡಿಯುತ್ತಿದ್ದರೂ ಯಾರ ಬಾಯಿಂದಲೂ ನಗೆ ಹೊರಡುತ್ತಿರಲಿಲ್ಲ. ಆಗ ಊರಿನ ಹಿರಿಯರೊಬ್ಬರು ಕೈಮುಗಿದು ಕೇಳಿದರು: “ಬುದ್ಧೀ, ಇದು ಯಾರು ಮಾಡಿದ ಪಾಪ?”

ಈ ಪ್ರಶ್ನೆಗೆ ಅಲ್ಲಿ ನೆರೆದವರಲ್ಲಿ ಉತ್ತರಗಳಿಗೇನೂ ಕೊರತೆಯಿರಲಿಲ್ಲ. ಅಚ್ಚುಕಟ್ಟಿನ ರೈತರು, ಕೆರೆಯಂಗಳವನ್ನು ಒತ್ತುವರಿ ಮಾಡಿ ಉತ್ತವರಿಂದ ಹೂಳು ತುಂಬಿ ಹೀಗಾಯಿತೆಂದರು. ಅಂಗಳದಲ್ಲಿ ಉತ್ತವರು, ನಾಲ್ಕು ದಿನ ಹೆಚ್ಚು ನೀರು ಸಿಗಲೆಂಬ ಆಸೆಯಿಂದ ಕೋಡಿಯ ಮೇಲೆ ಮರಳಿನ ಮೂಟೆ ಪೇರಿಸಿದ ಅಚ್ಚುಕಟ್ಟಿನವರದೇ ತಪ್ಪೆಂದರು. ಪಂಚಾಯತಿಯವರು ಹಣ ಬರಲಿಲ್ಲವೆಂದರು. ನೋಡಲು ಬಂದ ಇಂಜಿನಿಯರರು ಮರದ ಬೇರನ್ನೂ ಹೆಗ್ಗಣದ ಬಿಲವನ್ನೂ ತೋರಿಸಿದರು. ಒಬ್ಬ ಮುದುಕಿ, ಮೂರು ವರ್ಷದಿಂದ ಗಂಗಮ್ಮನ ಪೂಜೆ ನಿಂತುಹೋಗಿತ್ತೆಂದಳು. ವಿಚಾರಮಾಡಿದರೆ ಇವರಲ್ಲಿ ಯಾರೂ ಸುಳ್ಳಾಡಿರಲಿಲ್ಲ. ಆದರೆ ಗುದ್ದಲಿ ಹಿಡಿದು ಏರಿಯನ್ನು ಕಡಿದವರು ಮಾತ್ರ ಒಬ್ಬರೂ ಇರಲಿಲ್ಲ. ಮಾಡಿದವನಿಲ್ಲದೆ ಆದ ಕೇಡಿಗೆ ಪಾಪವೆಂಬ ಹೆಸರು ಸಲ್ಲುವುದೇ? ಸಲ್ಲುವುದಾದರೆ ಅದನ್ನು ಹೊರತಕ್ಕವರು ಯಾರು? ಇದೇ ಈ ಲೇಖನದ ವಿಚಾರ.

ಮೊದಲು ಮಣ್ಣಿನ ಏರಿಯ ಸ್ವಭಾವವನ್ನು ತಿಳಿಯೋಣ. ಎರಡು ದಿಣ್ಣೆಗಳ ನಡುವಿನ ತಗ್ಗಿಗೆ ಅಡ್ಡಲಾಗಿ ಮಣ್ಣನ್ನು ಪದರಪದರವಾಗಿ ಹಾಕಿ, ನೀರು ಚಿಮುಕಿಸಿ, ತುಳಿಸಿ, ಗಟ್ಟಿಮಾಡಿ, ನೀರಿನ ಕಡೆಯ ಮೈಗೆ ಕಲ್ಲು ಹೊದಿಸಿದರೆ ಏರಿಯಾಯಿತು. ಬೇಕಾದ ನೀರನ್ನು ಗದ್ದೆಗೆ ಬಿಡಲು ತೂಬು, ಹೆಚ್ಚಾದ ನೀರನ್ನು ಹೊರಗೆ ಕಳುಹಿಸಲು ಕೋಡಿ. ಇಷ್ಟೇ ಅದರ ಅಂಗಗಳು. ಇಂಥ ಏರಿಗೆ ಮೃತ್ಯು ಮುಖ್ಯವಾಗಿ ಎರಡು ದಾರಿಗಳಿಂದ ಬರುತ್ತದೆ. ಕೋಡಿ ಕಟ್ಟಿಕೊಂಡರೆ ನೀರು ಏರಿಯ ನೆತ್ತಿಯ ಮೇಲೆ ಹರಿದು ಹಿಂಬದಿಯ ಮಣ್ಣನ್ನು ಕರಗಿಸುತ್ತದೆ. ಇಲ್ಲವೆ, ಸತ್ತ ಬೇರು ಬಿಟ್ಟುಹೋದ ಪೊಳ್ಳಿನಲ್ಲಿಯೋ ಇಲಿ ಹೆಗ್ಗಣ ಏಡಿಗಳ ಬಿಲದಲ್ಲಿಯೋ ನೀರು ಒಳದಾರಿ ಹಿಡಿದು ಮಣ್ಣನ್ನು ಕಣಕಣವಾಗಿ ಹೊತ್ತೊಯ್ಯುತ್ತದೆ. ಏರಿಯ ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಕದಡಿ ಬರತೊಡಗಿತೆಂದರೆ ಏರಿ ಒಳಗಿನಿಂದ ಸವೆಯುತ್ತಿದೆಯೆಂದೇ ತಿಳಿಯಬೇಕು. ಈ ಎರಡನ್ನೂ ತಡೆಯಲು ದೊಡ್ಡ ಸಾಹಸ ಬೇಕಿಲ್ಲ. ಏರಿಯ ಮೇಲೆ ಹುಟ್ಟಿದ ಸಸಿಯನ್ನು ಎಳೆಯದಿರುವಾಗಲೇ ಕೀಳಬೇಕು, ಬಿಲಕ್ಕೆ ಜೇಡಿಮಣ್ಣು ಗಿಡಿಯಬೇಕು, ಮಳೆಗಾಲಕ್ಕೆ ಮುಂಚೆ ಕೋಡಿಯ ಕಸ ತೆಗೆಯಬೇಕು. ಏರಿಗೆ ಬೇಕಾದುದು ಚಿಕ್ಕ ಕೆಲಸ. ಆದರೆ ಅದು ಪ್ರತಿವರ್ಷವೂ ತಪ್ಪದೆ ಬೇಕು.

ಇನ್ನು ಈ ಮಣ್ಣಿನ ಗುಡ್ಡೆಯಿಂದ ಆಗುವ ಉಪಕಾರವೆಷ್ಟು! ಗದ್ದೆಗೆ ನೀರು, ದನಕರುಗಳಿಗೆ ನೀರು, ಹೊಲಕ್ಕೆ ಫಲವತ್ತಾದ ಗೋಡು. ಕಣ್ಣಿಗೆ ಕಾಣದ ಉಪಕಾರವೊಂದಿದೆ. ನಿಂತ ನೀರು ನೆಲದೊಳಗೆ ಇಳಿದು ಸುತ್ತಲಿನ ಬಾವಿಗಳನ್ನು ಬದುಕಿಸುತ್ತದೆ. ಮೇಲಾಗಿ ನಮ್ಮ ನಾಡಿನ ಕೆರೆಗಳು ಒಂಟಿಯಲ್ಲ. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ, ಅದರದು ಮತ್ತೊಂದಕ್ಕೆ, ಹೀಗೆ ಸರಪಳಿಯಂತೆ ಹೆಣೆದುಕೊಂಡಿವೆ. ಕರ್ನಾಟಕದಲ್ಲಿ ಇಂಥ ಕೆರೆಗಳು ೩೬,೦೦೦ಕ್ಕೂ ಹೆಚ್ಚೆಂದು ಎಣಿಸಲಾಗಿದೆ. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರನಾಗಿದ್ದ ಸ್ಯಾಂಕಿಯು ೧೮೬೬ರಲ್ಲಿ, ಈ ಸೀಮೆಯಲ್ಲಿ ಹೊಸ ಕೆರೆಗೆ ಸ್ಥಳ ಹುಡುಕುವುದಕ್ಕೇ ಜಾಣ್ಮೆ ಬೇಕೆಂಬ ಅರ್ಥದ ಮಾತನ್ನು ಬರೆದಿದ್ದನು. ಮೇಲಿನ ಊರಿನವರ ಅಲಕ್ಷ್ಯದಿಂದ ಒಂದು ಏರಿ ಒಡೆದರೆ, ಅವರು ಹೆಸರನ್ನೂ ಕೇಳದ ಕೆಳಗಿನ ಊರುಗಳ ಏರಿಗಳಿಗೂ ಕುತ್ತು ಬರುತ್ತದೆ. ಕೆರೆಯ ಧರ್ಮವು ಊರಿನ ಗಡಿಗೆ ನಿಲ್ಲತಕ್ಕದ್ದಲ್ಲವೆಂಬುದು ಇದರಿಂದ ಸ್ಪಷ್ಟ.

ಈ ಸೂಕ್ಷ್ಮವನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಕದಂಬ ಮಯೂರಶರ್ಮನ ಚಂದ್ರವಳ್ಳಿಯ ಶಾಸನವು ಕೆರೆಯ ವಿಷಯವನ್ನೇ ಹೇಳುತ್ತದೆ. ತಾಳಗುಂದದ ಸ್ತಂಭಶಾಸನವು ಕಾಕುಸ್ಥವರ್ಮನು ಶಿವಾಲಯದ ಬಳಿ ಕೆರೆ ಕಟ್ಟಿಸಿದುದನ್ನು ಸ್ಮರಿಸುತ್ತದೆ. ಆದರೆ ನಮ್ಮ ಪ್ರಕೃತಕ್ಕೆ ಹೆಚ್ಚು ಬೋಧಪ್ರದವಾದುವು ಕಟ್ಟಿಸಿದವರ ಬಿರುದುಗಳಲ್ಲ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಶಬ್ದಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿದವರಿಗೂ ಕಾಯ್ದುಕೊಂಡು ಬರುವವರಿಗೂ ಕೆರೆಯ ಕೆಳಗಿನ ಭೂಮಿಯಲ್ಲಿ, ಅದರ ಹುಟ್ಟುವಳಿಯಲ್ಲಿ ಬಿಟ್ಟುಕೊಟ್ಟ ಭಾಗಗಳಿವು. ಹೂಳು ಹೊರುವ ಬಂಡಿಗಳಿಗೆಂದೇ ದತ್ತಿ ಬಿಟ್ಟ ಶಾಸನಗಳೂ ಉಂಟು. ಕಟ್ಟುವುದರಿಂದ ಪುಣ್ಯ ಮುಗಿಯಲಿಲ್ಲ, ಅದು ಆಗ ಪ್ರಾರಂಭವಾಯಿತೆಂದು ಅವರು ಎಣಿಸಿದ್ದರು.

ಇಂದಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರನು ಕಟ್ಟಿಸಿದ ಕೆರೆಯೊಂದಿದೆ. ೧೩೬೯ರ ಅದರ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ವರ್ಜಿಸಬೇಕಾದ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಕೆರೆಯ ನಡುವೆ ಉಬ್ಬು, ಸ್ವಲ್ಪ ಸ್ಥಳಕ್ಕೆ ಅತಿಯಾದ ನೀರು—ಇವು ನಾಲ್ಕೂ ನೆಲಜಲಗಳ ದೋಷಗಳು. ಉಳಿದೆರಡನ್ನು ವಾಚಕರು ಗಮನವಿಟ್ಟು ನೋಡಬೇಕು. ಎರಡು ರಾಜ್ಯಗಳ ಎಲ್ಲೆಯಲ್ಲಿ ಕೆರೆಯಿರುವುದು ಒಂದು. ನೀರು ಸ್ವಲ್ಪವಿದ್ದು ಅದರಿಂದ ಬೆಳೆಯಬೇಕೆನ್ನುವ ಭೂಮಿ ಬಹಳವಿರುವುದು ಇನ್ನೊಂದು. ಮೊದಲನೆಯದರಲ್ಲಿ ಹೊಣೆ ಯಾರದೆಂಬುದೇ ನಿಶ್ಚಯವಿಲ್ಲ. ಎರಡನೆಯದರಲ್ಲಿ ಆಸೆಗೆ ಮಿತಿಯಿಲ್ಲ. ಇವು ಮಣ್ಣಿನಲ್ಲಿರುವುದಕ್ಕಿಂತ ಹೆಚ್ಚಾಗಿ ಮನುಷ್ಯನಲ್ಲಿರುವ ದೋಷಗಳು. ಆರುನೂರೈವತ್ತು ವರ್ಷಗಳ ಹಿಂದಿನ ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಇಂದಿನ ಯಾವುದೇ ಕೆರೆಯನ್ನು ಪರೀಕ್ಷಿಸಬಹುದು.

ಹೀಗೆಂದು ಹಿಂದಿನದೆಲ್ಲವೂ ಸತ್ಯಯುಗವೆಂದು ನಾವು ಹೇಳಹೊರಟಿಲ್ಲ. ಹಾಗೆ ಹೇಳುವುದು ಸತ್ಯಕ್ಕೆ ದ್ರೋಹವಾದೀತು. ತೂಬನ್ನು ಎತ್ತಿ, ಇರುಳು ಹಗಲೆನ್ನದೆ ಗದ್ದೆಗದ್ದೆಗೆ ನೀರು ಹಾಯಿಸುತ್ತಿದ್ದ ನೀರುಗಂಟಿಯು ಅನೇಕ ಊರುಗಳಲ್ಲಿ ಅಸ್ಪೃಶ್ಯನೆನಿಸಿಕೊಂಡವನು. ಊರಿಗೆಲ್ಲ ನೀರನ್ನು ಹಂಚಿದವನು ಊರವರು ಕುಡಿಯುವ ನೀರನ್ನು ಮುಟ್ಟುವಂತಿರಲಿಲ್ಲ. ಕೆರೆಯ ನೀರನ್ನು ಕುಡಿಯುವ ಹಕ್ಕಿಗಾಗಿ ಡಾ. ಅಂಬೇಡ್ಕರರು ಮಹಾಡದ ಚವದಾರ ಕೆರೆಗೆ ಸಾವಿರಾರು ಜನರೊಡನೆ ನಡೆಯಬೇಕಾಯಿತು. ಅದು ೧೯೨೭ರ ಮಾರ್ಚ್ ೨೦ರಂದು. ‘ನಮ್ಮ ಕೆರೆ’ ಎಂಬ ಮಾತಿನಲ್ಲಿ ‘ನಮ್ಮ’ ಎಂದರೆ ಯಾರೆಲ್ಲರೆಂಬುದನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಂಡಿರಲಿಲ್ಲ. ಅಂದು ಕೆಲವರನ್ನು ಹೊರಗಿಟ್ಟು ನಮ್ಮದೆಂದೆವು. ಇಂದು ನಮ್ಮನ್ನೂ ಸೇರಿಸಿ ಯಾರದೂ ಅಲ್ಲವೆನ್ನುತ್ತಿದ್ದೇವೆ.

ಈ ಬದಲಾವಣೆ ಹೇಗಾಯಿತು? ಕೆರೆಗಳ ಮೇಲಿನ ಅಧಿಕಾರವು ಕ್ರಮೇಣ ಊರಿನ ಕೈಯಿಂದ ಸರ್ಕಾರದ ಕಚೇರಿಗಳಿಗೆ ಹೋಯಿತು. ೧೯೬೧ರ ಗ್ರಾಮ ಹುದ್ದೆಗಳ ರದ್ದಿಯಾತಿಯ ಕಾಯಿದೆಯಿಂದ ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡವು. ಹುಟ್ಟಿನಿಂದಲೇ ಒಬ್ಬನನ್ನು ಊರ ಸೇವೆಗೆ ಕಟ್ಟಿಹಾಕುವ ಪದ್ಧತಿ ಹೋದುದು ನ್ಯಾಯವೇ ಸರಿ. ಆದರೆ ಆ ಮನುಷ್ಯನು ಬಿಡುಗಡೆಯಾದ ಮೇಲೆ ಅವನು ಮಾಡುತ್ತಿದ್ದ ಕೆಲಸವನ್ನು ಊರೆಲ್ಲರೂ ಹಂಚಿಕೊಳ್ಳಬೇಕಾಗಿತ್ತು. ಹಂಚಿಕೊಳ್ಳಲಿಲ್ಲ. ಬಳಿಕ ಕೊಳವೆಬಾವಿ ಬಂದಿತು. ತನ್ನ ಹೊಲದಲ್ಲಿಯೇ ಗುಂಡಿ ಅದುಮಿ ನೀರು ಪಡೆಯಬಲ್ಲವನಿಗೆ ಊರಾಚೆಯ ಏರಿಯ ಚಿಂತೆಯೇಕೆ? ಆ ಕೊಳವೆಯೂ ಬಹುಮಟ್ಟಿಗೆ ಅದೇ ಕೆರೆ ಇಂಗಿಸಿದ ನೀರನ್ನೇ ಕುಡಿಯುತ್ತಿದೆಯೆಂಬುದು ಕೆರೆ ಬತ್ತಿ ಕೊಳವೆಯೂ ಬತ್ತಿದ ಮೇಲೆ ತಿಳಿಯಿತು. ಈಗ ೨೦೧೪ರ ಕೆರೆ ಸಂರಕ್ಷಣೆಯ ಕಾಯಿದೆಯಿದೆ, ಇಲಾಖೆಗಳಿವೆ, ಯೋಜನೆಗಳಿವೆ. ಇವೆಲ್ಲ ಬೇಕಾದುವೇ. ಆದರೆ ಯಾವ ಕಾಯಿದೆಯೂ ಪ್ರತಿದಿನ ಬೆಳಿಗ್ಗೆ ಏರಿಯ ಮೇಲೆ ನಡೆದು ಬಿಲಗಳನ್ನು ನೋಡಲಾರದು.

ಈಗ ತತ್ತ್ವದ ಪ್ರಶ್ನೆಗೆ ಬರೋಣ. ಮಾಡಬೇಕಾದುದನ್ನು ಮಾಡದಿರುವುದು ಪಾಪವೇ? ನಿತ್ಯಕರ್ಮವನ್ನು ಬಿಟ್ಟರೆ ಪ್ರತ್ಯವಾಯ, ಅಂದರೆ ದೋಷ, ಉಂಟಾಗುತ್ತದೆಂಬ ಮತವು ನಮ್ಮ ಶಾಸ್ತ್ರಗಳಲ್ಲಿ ಪ್ರಸಿದ್ಧವಾಗಿದೆ. ಅದಕ್ಕೆ ಶಂಕರಾಚಾರ್ಯರು ಎತ್ತಿದ ಆಕ್ಷೇಪವೂ ಅಷ್ಟೇ ಪ್ರಸಿದ್ಧ. ಮಾಡದಿರುವುದೆಂದರೆ ಒಂದು ಅಭಾವ, ಅಭಾವದಿಂದ ಭಾವರೂಪವಾದ ಫಲ ಹುಟ್ಟುವುದು ಹೇಗೆ ಎಂದು ಅವರು ಕೇಳಿದರು. ಕರ್ಮ ಮತ್ತು ಮೋಕ್ಷಗಳ ಸಂಬಂಧದ ಆ ವಾದವನ್ನು ಇಲ್ಲಿ ಬಗೆಹರಿಸುವ ಉದ್ದೇಶ ನಮಗಿಲ್ಲ. ಆದರೆ ಅದರ ನ್ಯಾಯವನ್ನು ಲೋಕವ್ಯವಹಾರಕ್ಕೆ ತಂದು, “ನಾನು ಏನೂ ಮಾಡಲಿಲ್ಲ, ಆದುದರಿಂದ ನನ್ನಿಂದ ಏನೂ ಆಗಲಿಲ್ಲ” ಎಂದು ಜಾರಿಕೊಳ್ಳುವವರಿಗೆ ಕೆರೆಯ ಏರಿಯೇ ಉತ್ತರ ಕೊಡುತ್ತದೆ. ಏರಿಯ ಹಿಂದೆ ನೀರಿನ ಭಾರವು ಸದಾ ಒತ್ತುತ್ತಲೇ ಇದೆ. ಅದು ಅಭಾವವಲ್ಲ. ಅದು ಪ್ರತ್ಯಕ್ಷವಾದ ಶಕ್ತಿ. ನಮ್ಮ ಎಚ್ಚರವು ಅದನ್ನು ತಡೆಹಿಡಿದಿತ್ತು. ಎಚ್ಚರವನ್ನು ತೆಗೆದಾಗ ನಾವು ಹೊಸದಾಗಿ ಏನನ್ನೂ ಹುಟ್ಟಿಸಲಿಲ್ಲ. ಇದ್ದುದಕ್ಕೆ ದಾರಿ ಬಿಟ್ಟೆವು. ದಾರಿ ಬಿಟ್ಟವನು ಏನೂ ಮಾಡದವನೆಂದು ಹೇಗೆ ಹೇಳುವುದು?

ಎರಡನೆಯ ಸಮಾಧಾನವು ಇದಕ್ಕಿಂತ ಸೂಕ್ಷ್ಮವಾದುದು. ಊರಿನಲ್ಲಿ ನೂರು ಮನೆ. ನನ್ನ ಹೊಣೆ ನೂರರಲ್ಲಿ ಒಂದು ಪಾಲು. ಅಷ್ಟು ಸಣ್ಣ ಪಾಲಿಗೆ ನನ್ನನ್ನು ಪಾಪಿಯೆನ್ನುವುದೇಕೆ? ಬಹುಜನರಿಗೆ ಸೇರಿದ ವಸ್ತುವಿಗೆ ಆರೈಕೆ ಅತ್ಯಲ್ಪವೆಂದೂ, ಇನ್ನೊಬ್ಬನು ನೋಡಿಕೊಳ್ಳುತ್ತಾನೆಂದು ಪ್ರತಿಯೊಬ್ಬನೂ ಭಾವಿಸುವನೆಂದೂ ಗ್ರೀಕ್ ತತ್ತ್ವಜ್ಞ ಅರಿಸ್ಟಾಟಲನು ತನ್ನ ರಾಜನೀತಿಗ್ರಂಥದಲ್ಲಿ ಎಂದೋ ಹೇಳಿದ್ದನು. ಇದು ಮನುಷ್ಯಸ್ವಭಾವದ ನಿಜವಾದ ವರ್ಣನೆ. ಆದರೆ ವರ್ಣನೆಯು ವಿಧಿಯಲ್ಲ. ಅಮೆರಿಕದ ವಿದುಷಿ ಎಲಿನೋರ್ ಆಸ್ಟ್ರಂ ಅವರು ಸ್ವಿಟ್ಸರ್ಲೆಂಡಿನ ಹುಲ್ಲುಗಾವಲು, ಸ್ಪೇನಿನ ಕಾಲುವೆ ಮೊದಲಾದುವನ್ನು ಪರಿಶೀಲಿಸಿ, ಜನರೇ ನಿಯಮ ಮಾಡಿಕೊಂಡು, ತಮ್ಮ ತಮ್ಮಲ್ಲೇ ಕಾವಲಿದ್ದು, ತಪ್ಪಿದವನಿಗೆ ತಕ್ಕ ದಂಡ ಹಾಕಿದ ಕಡೆ ಸಾಮುದಾಯಿಕ ಸ್ವತ್ತು ಶತಮಾನಗಳ ಕಾಲ ಉಳಿದಿದೆಯೆಂದು ೧೯೯೦ರ ತಮ್ಮ ಗ್ರಂಥದಲ್ಲಿ ತೋರಿಸಿದರು. ೨೦೦೯ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನವೂ ಬಂದಿತು. ಬಿತ್ತುವಟ್ಟ ದಶವಂದಗಳ ನಾಡಿನವರಾದ ನಮಗೆ ಇದು ಹೊಸ ಮಾತಲ್ಲ, ಮರೆತ ಮಾತು.

ವಿಚಾರಮಾಡಿ ನೋಡಿ: ಫಲವನ್ನು ಹಂಚಬಹುದು, ಖರ್ಚನ್ನೂ ಹಂಚಬಹುದು, ಎಚ್ಚರವನ್ನು ಹಾಗೆ ಹಂಚಲಾಗದು. ಏರಿಯ ಮೇಲೆ ನಡೆದುಹೋಗುವವನೊಬ್ಬನ ಕಣ್ಣಿಗೆ ಬಿಲವೊಂದು ಬಿದ್ದಿತೆನ್ನೋಣ. ಆ ಕ್ಷಣಕ್ಕೆ ಅವನ ಹೊಣೆ ನೂರರಲ್ಲೊಂದು ಪಾಲಲ್ಲ, ಪೂರ್ತಿ ಅವನದೇ. ಏಕೆಂದರೆ ಉಳಿದ ತೊಂಬತ್ತೊಂಬತ್ತು ಜನ ಅಲ್ಲಿಲ್ಲ. ತಾನೇ ಮುಚ್ಚಲಾಗದಿದ್ದರೆ ಮುಚ್ಚಬಲ್ಲವರಿಗೆ ಹೇಳಬೇಕು. ಹೇಳಿಸಿಕೊಂಡವನಿಗೆ ಅಂದಿನಿಂದ ಆ ಹೊಣೆ ಪೂರ್ತಿಯಾಗಿ ಬರುತ್ತದೆ. ಮೊದಲನೆಯವನದು ಅದರಿಂದ ಕರಗುವುದಿಲ್ಲ. ಹೊಣೆಗೆ ಮೂಲ ಹಕ್ಕಲ್ಲ, ಹುದ್ದೆಯೂ ಅಲ್ಲ. ಅರಿವೇ ಅದಕ್ಕೆ ಮೂಲ.

೨೦೧೯ರ ಜುಲೈ ೨ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬ ಹಳ್ಳಿಯ ಚಿಕ್ಕ ಮಣ್ಣಿನ ಅಣೆಕಟ್ಟು ಒಡೆದು, ಅದರ ಕೆಳಗೆ ಮಲಗಿದ್ದವರಲ್ಲಿ ಇಪ್ಪತ್ತರಷ್ಟು ಜನ ಪ್ರಾಣ ಕಳೆದುಕೊಂಡರು. ನೀರು ಸೋರುತ್ತಿದೆಯೆಂದು ಮೊದಲೇ ತಿಳಿಸಿದ್ದೆವೆಂದು ಊರಿನವರು ಹೇಳಿದರು. ಅಂದಿನ ಮಂತ್ರಿಯೊಬ್ಬರು ಏಡಿಗಳು ತೋಡಿದ ಬಿಲಗಳೇ ಕಾರಣವೆಂದರು. ಏಡಿಯು ಬಿಲ ತೋಡುವುದು ಅದರ ಸ್ವಭಾವ. ಅದಕ್ಕೆ ಧರ್ಮಾಧರ್ಮಗಳಿಲ್ಲ. ಮನುಷ್ಯರ ಸಭೆಯಲ್ಲಿ ಹೊಣೆಯನ್ನು ಏಡಿಯ ತಲೆಗೆ ಕಟ್ಟುವ ಸ್ಥಿತಿ ಬಂದಿತೆಂದರೆ, ಅದನ್ನು ಹೊರುವ ಮನುಷ್ಯನು ಉಳಿದಿಲ್ಲವೆಂದೇ ಅರ್ಥ. ನಮ್ಮ ಜನಪದರ ‘ಕೆರೆಗೆ ಹಾರ’ದ ಕಥೆ ನಿಮಗೆಲ್ಲ ತಿಳಿದುದೇ. ಊರಿಗೆಲ್ಲ ಬೇಕಾದ ನೀರಿನ ಬೆಲೆಯನ್ನು ಮನೆಯ ಕಿರಿಯ ಸೊಸೆ ಭಾಗೀರಥಿಯೊಬ್ಬಳು ತೆರುತ್ತಾಳೆ. ಅವಳನ್ನು ಯಾರೂ ಕೇಳಿರಲಿಲ್ಲ. ತಿವರೆಯಲ್ಲಿ ಮಲಗಿದ್ದವರನ್ನೂ ಯಾರೂ ಕೇಳಲಿಲ್ಲ. ಎಲ್ಲರೂ ಸ್ವಲ್ಪಸ್ವಲ್ಪ ಕೊಡಬೇಕಾದುದನ್ನು ಕೊಡದೆಹೋದರೆ, ಕೇಳದೆಯೇ ಕೆಲವರಿಂದ ಸರ್ವಸ್ವವನ್ನೂ ಕಿತ್ತುಕೊಂಡಂತಾಗುತ್ತದೆ.

ಇಲ್ಲಿ ಕೆಲವರಿಗೆ ಒಂದು ಸಂದೇಹ ಬರಬಹುದು. ಕೆರೆಕಟ್ಟೆಗಳ ಚಿಂತೆ ಲೌಕಿಕರಿಗೆ ಸರಿ, ಆತ್ಮಸಾಧನೆಗೆ ಅದರಿಂದೇನು? ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮೇಶ್ವರರನ್ನು ಅಲ್ಲಮಪ್ರಭುಗಳೇ ಆಕ್ಷೇಪಿಸಲಿಲ್ಲವೇ? ಶೂನ್ಯಸಂಪಾದನೆಯ ಈ ಪ್ರಸಂಗವನ್ನು ಎತ್ತಿ, ಪರೋಪಕಾರದ ಕೆಲಸವೂ ಬಂಧನವೇ ಎಂದು ವಾದಿಸುವವರನ್ನು ನಾವು ಕಂಡಿದ್ದೇವೆ. ಆದರೆ ಪ್ರಭುಗಳು ಕೆರೆಯನ್ನು ಒಡೆಯೆಂದು ಹೇಳಲಿಲ್ಲ. ಸೊನ್ನಲಿಗೆಯ ಜನ ಆ ಕೆರೆಯನ್ನು ಇಂದಿಗೂ ಸಿದ್ಧರಾಮರ ಹೆಸರಿನೊಡನೆಯೇ ಪೂಜ್ಯಭಾವದಿಂದ ಕಾಣುತ್ತಾರೆ. ನಮಗೆ ತೋರುವಂತೆ ಪ್ರಭುಗಳ ಪೆಟ್ಟು ಬಿದ್ದುದು ಕೆರೆಯ ಮೇಲಲ್ಲ, ಕಟ್ಟಿಸಿದೆನೆಂಬ ಭಾವದ ಮೇಲೆ.

ಈ ದೃಷ್ಟಿಯಿಂದ ನೋಡಿದಾಗ ಕಟ್ಟುವುದಕ್ಕೂ ಕಾಯುವುದಕ್ಕೂ ಇರುವ ವ್ಯತ್ಯಾಸವು ಹೊಳೆಯುತ್ತದೆ. ಕಟ್ಟಿಸಿದವನಿಗೆ ಶಾಸನವುಂಟು, ಈಗಿನ ಕಾಲದಲ್ಲಿ ಶಿಲಾಫಲಕವುಂಟು, ಹಾರ ತುರಾಯಿಗಳುಂಟು. ಬಿಲಕ್ಕೆ ಒಂದು ಬುಟ್ಟಿ ಜೇಡಿಮಣ್ಣು ಗಿಡಿದವನಿಗೆ ಏನುಂಟು? ಅವನ ಕೆಲಸವು ಸಾರ್ಥಕವಾದರೆ ಏನೂ ಆಗುವುದಿಲ್ಲ. ಏರಿ ನಿನ್ನೆಯಂತೆಯೇ ಇಂದೂ ಇರುತ್ತದೆ. ಆಗದೆ ಹೋದ ಅನಾಹುತಕ್ಕೆ ಯಾರೂ ಯಾರನ್ನೂ ಹೊಗಳುವುದಿಲ್ಲ. ಆದುದರಿಂದಲೇ ಕಾಯುವ ಕೆಲಸಕ್ಕೆ ಜನ ಕಡಿಮೆ. ಅದೇ ಕಾರಣದಿಂದ ಆ ಕೆಲಸದಲ್ಲಿ ‘ನಾನು’ ಎಂಬುದಕ್ಕೆ ಎಡೆಯೂ ಕಡಿಮೆ. ಹೆಸರಿನ ಹಂಗಿಲ್ಲದ ಕಾಯಕವನ್ನು ಹುಡುಕುವವನು ದೂರ ಹೋಗಬೇಕಾಗಿಲ್ಲ. ಅದು ಊರ ಮುಂದಿನ ಏರಿಯ ಮೇಲೆಯೇ ಇದೆ.

ಪ್ರಾರಂಭದಲ್ಲಿ ಹೇಳಿದ ಪ್ರಶ್ನೆಗೆ ಅಂದು ನಾವು ಕೊಟ್ಟ ಉತ್ತರವನ್ನು ಈಗ ಹೇಳಬೇಕು. ಒಡೆದ ಬಾಯಿಯ ಅಂಚಿನಲ್ಲಿ ನಿಂತಾಗ ನಮಗೆ ಹಿಂದಿನ ವರ್ಷದ ಕಾರ್ತಿಕ ಮಾಸದ ನೆನಪಾಯಿತು. ಆಗ ಪಾದಪೂಜೆಗೆಂದು ಆ ಊರಿಗೆ ಹೋಗುವಾಗ ಕೆರೆ ತುಂಬಿತ್ತು. ಏರಿಯ ಮೇಲಿನ ದಾರಿಯಲ್ಲಿಯೇ ನಡೆದಿದ್ದೆವು. ಬುಡದಲ್ಲೊಂದು ಕಡೆ ನೆಲ ತೇವವಾಗಿ, ಕೆಂಪಾಗಿ ಕದಡಿದ ನೀರು ಬೆರಳಗಲ ಹರಿಯುತ್ತಿದ್ದುದನ್ನು ನಮ್ಮ ಕಣ್ಣಾರೆ ಕಂಡಿದ್ದೆವು. ಅದರ ಅರ್ಥ ನಮಗೆ ತಿಳಿಯದುದಲ್ಲ. ರೈತರ ಮನೆಯಲ್ಲಿ ಹುಟ್ಟಿ ಬೆಳೆದ ಶರೀರವಿದು. ಊರಿನವರು ನೋಡಿರುತ್ತಾರೆ, ಯಾರಾದರೂ ಹೇಳಿರುತ್ತಾರೆ ಎಂದುಕೊಂಡು ಮುಂದೆ ಹೋದೆವು. ಅಂದು ಸಂಜೆ ಅದೇ ಊರಿನಲ್ಲಿ ಒಂದು ಗಂಟೆಯ ಕಾಲ ಧರ್ಮೋಪದೇಶವನ್ನೂ ಮಾಡಿದೆವು. ಆ ಉಪದೇಶದಲ್ಲಿ ಕದಡಿದ ನೀರಿನ ಮಾತೊಂದು ಬರಲಿಲ್ಲ.

ಆದುದರಿಂದ ಆ ಹಿರಿಯರಿಗೆ ನಾವು ಹೇಳಿದುದಿಷ್ಟೇ: “ಉಳಿದವರ ಮಾತು ಉಳಿದವರಿಗೆ ಬಿಡಿ. ಇದರಲ್ಲಿ ನಮ್ಮದೂ ಒಂದು ಪಾಪವಿದೆ. ಅದು ಪಾಲಲ್ಲ, ಪೂರ್ತಿ.” ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಬಳಿಕ ಅಂಗಳದಲ್ಲಿ ಉತ್ತವನೊಬ್ಬನು, ಮೂರು ವರ್ಷದಿಂದ ಆ ಮರ ಬೆಳೆಯುವುದನ್ನು ತಾನು ನೋಡುತ್ತಿದ್ದೆನೆಂದನು. ಮೂಟೆ ಪೇರಿಸಿದವರಲ್ಲೊಬ್ಬನು ತಲೆ ತಗ್ಗಿಸಿ ತನ್ನದನ್ನು ಒಪ್ಪಿಕೊಂಡನು. ಮುಂದಿನ ಬೇಸಿಗೆಯಲ್ಲಿ ಸರ್ಕಾರದ ಹಣದಿಂದ ಏರಿಯ ಬಾಯಿ ಮುಚ್ಚಿತು. ಊರಿನವರು ಮನೆಗೊಬ್ಬರಂತೆ ಬಂದು ಕೋಡಿಯನ್ನು ಬಿಡಿಸಿದರು. ಅಂಗಳದ ಒತ್ತುವರಿಯ ವ್ಯಾಜ್ಯ ಇನ್ನೂ ಮುಗಿದಿಲ್ಲ. ಆದರೆ ಎಲ್ಲ ಕೇರಿಯವರೂ ಸರದಿಯಿಂದ, ವಾರಕ್ಕೆ ಎರಡು ಮನೆಯವರು ಏರಿಯ ಮೇಲೆ ಒಂದು ಸಾರಿ ನಡೆದು ಬರುವ ಕಟ್ಟಳೆಯನ್ನು ಮಾಡಿಕೊಂಡಿದ್ದಾರೆ. ಆ ಸರದಿಯಲ್ಲಿ ಮಠಕ್ಕೂ ಒಂದು ವಾರ ಸಂದಿದೆ.

ವಾಚಕರೇ, ಮಳೆಗಾಲ ಪ್ರಾರಂಭವಾಗುವ ಮುಂಚೆ ನಿಮ್ಮ ನಿಮ್ಮ ಊರಿನ ಕೆರೆಯ ಏರಿಯ ಮೇಲೆ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನಡೆದು ಬನ್ನಿರಿ. ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಕಂಡ ಸಸಿಯನ್ನು ಕೀಳಿರಿ, ಕಂಡ ಬಿಲವನ್ನು ಮುಚ್ಚಿರಿ, ಕೈಲಾಗದುದನ್ನು ಬಲ್ಲವರಿಗೆ ತಿಳಿಸಿರಿ, ತಿಳಿಸಿದುದು ನೆರವೇರುವವರೆಗೆ ಬಿಡದಿರಿ. ಬುಡದಲ್ಲಿ ನೀರು ಜಿನುಗುತ್ತಿದ್ದರೆ ಬಗ್ಗಿ ನೋಡಿರಿ: ತಿಳಿಯಾಗಿದೆಯೇ, ಕದಡಿದೆಯೇ? ನಾವು ಅಂದು ಬಗ್ಗಲಿಲ್ಲ.